ಮನಿಲಾದಿಂದ ವಿಗನ್, ಪಗುಡ್‌ಪುಡ್: ಡಿಸೆಂಬರ್ ಸರಿನಾ?

ಬಸವನಗುಡಿ_ಬ್ಯಾಗು: ಡಿಸೆಂಬರ್ ಕೊನೆಗೆ ಬೆಂಗಳೂರಿಂದ ಸಿಂಗಪುರ ಮಾರ್ಗವಾಗಿ ಮನಿಲಾಕ್ಕೆ ಹೊರಟಿದ್ದೇವೆ. ಅಲ್ಲಿಂದ ಫಿಲಿಪೀನ್ಸಿನ ಉತ್ತರದ ಇಲೊಕೋಸ್ (ವಿಗನ್, ಪಗುಡ್‌ಪುಡ್ ಇರೋ ಸೀಮೆ) ಕಡೆಗೆ ಐದು ದಿನ ಸಾಕಾ? ನನಗೆ ಹಳೇ ಊರು, ಮಕ್ಕಳಿಗೆ ಸಮುದ್ರ. ಇಬ್ಬರು ಸಸ್ಯಾಹಾರಿಗಳು, ಮೊಟ್ಟೆ ತಿಂತಾರೆ.

ದಾರಿಹೋಕ: ಸಾಕು. ಮನಿಲಾ ಮಹಾನಗರದ ಕ್ಯೂಬಾವೊದಿಂದ ರಾತ್ರಿ ಬಸ್ ಹಿಡಿಯಿರಿ, ವಿಗನ್ ಸುಮಾರು 400 ಕಿ.ಮೀ. ಇನ್ನೂ ಉತ್ತರದ ಲವಾಗ್‌ಗೆ ಹೋಗೋ ಬಸ್ಸು ವಿಗನ್ ಊರೊಳಗೆ ಬರದೆ ಬಾಂತಾಯ್ ಹೆದ್ದಾರಿಯಲ್ಲೇ ಇಳಿಸಬಹುದು, ಅಲ್ಲಿಂದ ಟ್ರೈಸಿಕಲ್ (ಪಕ್ಕಕ್ಕೆ ಸೀಟು ಕಟ್ಟಿದ ಬೈಕು). ಎಸಿ ವಿಪರೀತ, ಸ್ವೆಟರ್ ಕೈಚೀಲದಲ್ಲೇ ಇರಲಿ. ಕ್ರಿಸ್‌ಮಸ್ ಹೊತ್ತಿಗೆ ಎಲ್ಲರೂ ಊರಿಗೆ ಹೊರಡುವುದರಿಂದ ಟಿಕೆಟ್ ಮೊದಲೇ ಮಾಡಿಸಿ. ವಿಗನ್‌ನಲ್ಲಿ ಎರಡು ರಾತ್ರಿ, ಲವಾಗ್‌ನಲ್ಲಿ ಒಂದು, ಪಗುಡ್‌ಪುಡ್‌ನಲ್ಲಿ ಒಂದು.

ಕಲ್ಲುಗಾರೆ: ಹಳೇ ಊರು ಅಂದಿರಲ್ಲ, ಲವಾಗ್ ಹತ್ತಿರದ ಪಾವೊಯ್ ಚರ್ಚು ಬಿಡಲೇಬೇಡಿ. 1710ರಲ್ಲಿ ಮುಗಿದದ್ದು. ಭೂಕಂಪಕ್ಕೆ ಗೋಡೆ ಹೊರಳದಿರಲಿ ಅಂತ ಸುತ್ತ 24 ದಪ್ಪ ಆನಿಕೆಗೋಡೆ ಕೊಟ್ಟಿದ್ದಾರೆ. ಪಕ್ಕದ ಗೋಡೆಯ ಕೆಲವು ಆನಿಕೆಗಳು ಮೆಟ್ಟಿಲಿನಂತಿವೆ, ಸೂರಿನ ರಿಪೇರಿಗೆ ಹತ್ತಲು. ಗಂಟೆಗೋಪುರ ಹವಳದ ಕಲ್ಲಿನದು, ಚರ್ಚಿಗೆ ಅಂಟಿಕೊಳ್ಳದೆ ದೂರದಲ್ಲಿದೆ. ಕುಸಿದರೂ ಚರ್ಚಿನ ಮೇಲೆ ಬೀಳದು. ವಿಗನ್ ಮನೆಗಳದೂ ಇದೇ ಲೆಕ್ಕ: ಕೆಳಗೆ ಇಟ್ಟಿಗೆ-ಕಲ್ಲು, ಮೇಲೆ ಹಗುರವಾದ ಮರ, ಕಿಟಕಿಗೆ ಗಾಜಿನ ಬದಲು ಬೆಳಕು ಬಿಡೋ ಕಪೀಸ್ ಕಡಲಚಿಪ್ಪು. ಆದರೂ 2022ರ ಜುಲೈ 27ರ 7.0 ತೀವ್ರತೆಯ ಕಂಪನದಲ್ಲಿ ಹಲವು ಮನೆಗಳಿಗೂ ಬಾಂತಾಯ್ ಗಂಟೆಗೋಪುರಕ್ಕೂ ಪೆಟ್ಟಾಯಿತು. ವಿಗನ್‌ನ ಕ್ರಿಸೊಲೊಗೊ ಬೀದಿಗೆ ಮೋಟಾರು ಗಾಡಿ ಬಿಡಲ್ಲ, ನಡಿಗೆ ಇಲ್ಲವೇ ಕಲೇಸಾ ಕುದುರೆಗಾಡಿ. ಬೆಳಿಗ್ಗೆ ಆರಕ್ಕೇ ಹೋಗಿ.

ಉಪ್ಪುನೀರು: ಮಳೆ ಲೆಕ್ಕದಲ್ಲಿ ಡಿಸೆಂಬರ್ ಚೆನ್ನ, ಅಲ್ಲಿ ನವೆಂಬರಿಂದ ಏಪ್ರಿಲ್ ಒಣಹವೆ. ಆದರೆ ಮಕ್ಕಳನ್ನು ಪಗುಡ್‌ಪುಡ್‌ನಲ್ಲಿ ನೀರಿಗಿಳಿಸಬೇಕಾದರೆ ಅದು ಒಳ್ಳೇ ಕಾಲ ಅಲ್ಲ. ಅಮಿಹಾನ್ ಅನ್ನೋ ಈಶಾನ್ಯದ ಗಾಳಿಗೆ ಉತ್ತರ ತೀರದ ಅಲೆ ಏಳುತ್ತೆ; ಸರ್ಫಿಂಗ್‌ನವರಿಗೆ ಹಬ್ಬ, ಈಜುವವರಿಗೆ ಮಾರ್ಚ್-ಏಪ್ರಿಲ್ ವಾಸಿ. ಬಾಂಗುಯಿ ಗಾಳಿಯಂತ್ರಗಳು ಸಮುದ್ರದ ಅಂಚಿಗೇ ಸಾಲಾಗಿ ನಿಂತಿರೋದೂ ಇದೇ ಗಾಳಿಗೆ. ನೀರಿಗಿಳಿಯದೆ ಬುರ್ಗೋಸ್‌ನ 1892ರ ಬೊಹೆಯಾದೋರ್ ದೀಪಸ್ತಂಭ ನೋಡಿಸಿ.

ಇನ್ನು ಊಟಕ್ಕೆ ಬಂದರೆ, ಪಿನಕ್‌ಬೆಟ್ ನೋಡೋಕೆ ಬದನೆ, ಬೆಂಡೆ, ಹಾಗಲದ ಪಲ್ಯ, ಉಪ್ಪಿನ ಬದಲು ಬೀಳೋದು ಬಾಗೂಂಗ್, ಹುದುಗಿಸಿದ ಮೀನು. ಎಂಪನಾಡಾಗೆ (ಕರಿಗಡುಬಿನಂಥದ್ದು) ಲೊಂಗನೀಸಾ (ಮಾಂಸದ ಸಾಸೇಜ್) ಬೇಡ ಅನ್ನಿ. ಹಸಿ ಪರಂಗಿ, ಮೊಟ್ಟೆ ತುಂಬಿ ನಿಮ್ಮೆದುರೇ ಕರಿದುಕೊಡ್ತಾರೆ. ಎಣ್ಣೆ ಮಾತ್ರ ಎಲ್ಲಕ್ಕೂ ಒಂದೇ.

ಬಸವನಗುಡಿ_ಬ್ಯಾಗು: ವೀಸಾ?

ದಾರಿಹೋಕ: ಪ್ರವಾಸಕ್ಕಾದರೆ 14 ದಿನದವರೆಗೆ ವೀಸಾ ಬೇಡ, ಆದರೆ ವಿಸ್ತರಣೆ ಇಲ್ಲ. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ಪ್ರಿಂಟ್ ಇಟ್ಕೊಳ್ಳಿ. ಇ-ಟ್ರಾವೆಲ್ (ದೇಶದೊಳಗೆ ಬರುವವರ ಆನ್‌ಲೈನ್ ಫಾರಂ) ನೋಂದಣಿ ಇಳಿಯೋಕೆ ಮುಂಚಿನ 72 ಗಂಟೆ ಒಳಗೆ, ಮಕ್ಕಳದ್ದೂ ಸೇರಿಸಿ.