ಗೃಹಲಕ್ಷ್ಮಿ ದುಡ್ಡು ಬಂದರೂ ನನ್ನ ಲೆಕ್ಕದ ಪುಸ್ತಕದಲ್ಲಿ ಉಳಿತಾಯ ಯಾಕೆ ಕಾಣ್ತಿಲ್ಲ?

ಟೈಲರಕ್ಕ, ರಾಣೇಬೆನ್ನೂರು
ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನಮ್ಮ ಯಜಮಾನರು ಬೀಜದ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಹತ್ತು ವರ್ಷದಿಂದ ದಿನದ ಖರ್ಚು ಬರೆದಿಡುತ್ತಿದ್ದೇನೆ. ಈಗ ಗೃಹಲಕ್ಷ್ಮಿಯ 2,000 ಬರುತ್ತದೆ. ಗೃಹಜ್ಯೋತಿಯಿಂದ ಕರೆಂಟ್ ಬಿಲ್ ಸೊನ್ನೆ. ತಿಂಗಳಿಗೆ 2,400 ಆದರೂ ಕೈಯಲ್ಲಿ ನಿಲ್ಲಬೇಕಿತ್ತು, ಅಲ್ವಾ? ಕಳೆದ ತಿಂಗಳು ಉಳಿದದ್ದು 340 ರೂಪಾಯಿ. "ಕೊಟ್ಟಿದ್ದನ್ನೆಲ್ಲ ತೆರಿಗೆಯಲ್ಲಿ ವಾಪಸ್ ತಗೋತಾರೆ" ಅಂತಾಳೆ ನಾದಿನಿ. ನಿಜವಾಗಿ ಅಷ್ಟು ಹೋಗುತ್ತಾ? ಗೊತ್ತಿರುವವರು ಹೇಳಿ.

ಕಿರಾಣಿ ಅಂಗಡಿ, ಹರಿಹರ
ಅಕ್ಕಾ, ಲೆಕ್ಕ ಹಾಕಿಯೇ ನೋಡೋಣ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲ್ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿತು. ಲೀಟರಿಗೆ ಸುಮಾರು 3 ರೂಪಾಯಿ ಜಾಸ್ತಿ. ಯಜಮಾನರ ಬೈಕಿಗೆ ತಿಂಗಳಿಗೆ 15 ಲೀಟರ್ ಅಂದುಕೊಂಡರೂ 45 ರೂಪಾಯಿ. ಡೀಸೆಲ್ ತೆರಿಗೆ ಆಗಲೂ ಏರಿತು, 2025ರ ಏಪ್ರಿಲ್‌ನಲ್ಲಿ ಮತ್ತೆ ಏರಿತು. ಅದು ನಿಮ್ಮ ಪುಸ್ತಕದಲ್ಲಿ ಡೀಸೆಲ್ ಅಂತ ಕಾಣುವುದಿಲ್ಲ. ಲಾರಿ ಬಾಡಿಗೆಯಾಗಿ ಟೊಮೆಟೊ, ಬೇಳೆಯೊಳಗೆ ಕೂತಿರುತ್ತದೆ. 2025ರ ಜನವರಿಯಲ್ಲಿ ಬಸ್ ದರ ಶೇ. 15 ಏರಿತು, ಅದು ಗಂಡಸರ ಜೇಬಿಗೆ ಹೊರೆಯಾಯಿತು. ಆ ಕಡೆ 2025ರ ಸೆಪ್ಟೆಂಬರ್ 22ರಿಂದ ಸೋಪು, ಟೂತ್‌ಪೇಸ್ಟ್, ಶಾಂಪೂ ಮೇಲಿನ ಜಿಎಸ್‌ಟಿ 18ರಿಂದ 5ಕ್ಕೆ ಇಳಿದಿದೆ. ನಾನು ಎಷ್ಟು ಕೂಡಿಸಿದರೂ ನಿಮ್ಮಂಥ ಮನೆಗೆ 2,400ರ ಹತ್ತಿರಕ್ಕೂ ಬರಲ್ಲ. ದುಡ್ಡು ಬೇರೆಲ್ಲೋ ಹೋಗಿದೆ.

ಎರಡು ಎಮ್ಮೆ, ಒಂದು ಹಸು
ಹಾಲಿನ ದರವನ್ನು ಮಾತ್ರ ತೆರಿಗೆ ಲೆಕ್ಕಕ್ಕೆ ಸೇರಿಸಬೇಡಿ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿಗೆ ಏರಿಸಿದ 4 ರೂಪಾಯಿ ಡೇರಿಗೆ ಹಾಲು ಹಾಕುವ ನಮ್ಮಂಥವರಿಗೆ ಅಂತಲೇ ಏರಿಸಿದ್ದು. ನಿಮಗೆ ಭಾರ ಆಗಿದೆ, ಒಪ್ಪುತ್ತೇನೆ. ನಮಗೆ ಹಿಂಡಿ, ಬೂಸಾ ತರಲು ಆಯಿತು.

ಅಂಗನವಾಡಿ ಟೀಚರ್
ಅಕ್ಕಾ, 2022ರ ಪುಸ್ತಕ ಇದೆಯಾ? ಈಗಿನದರ ಪಕ್ಕ ಇಟ್ಟು ನೋಡಿ. ಉಳಿತಾಯದ ಸಾಲು ಬಿಡಿ. ಆಗ ಇಲ್ಲದ್ದು ಈಗ ಏನಿದೆ, ಅದನ್ನು ಹುಡುಕಿ.

ಟೈಲರಕ್ಕ, ರಾಣೇಬೆನ್ನೂರು
ರಾತ್ರಿ ಕೂತು ನೋಡಿದೆ ಟೀಚರ್. 2022ರ ಆಗಸ್ಟ್: ಅತ್ತೆಯ ಬಿಪಿ ಗುಳಿಗೆ, 15 ಗುಳಿಗೆ ಇರುವ ಒಂದೇ ಶೀಟ್. ಸೆಪ್ಟೆಂಬರ್‌ನಲ್ಲಿ ಅದೂ ಇಲ್ಲ. ಆ ವರ್ಷ ದಾವಣಗೆರೆಗೆ ತೋರಿಸಲು ಹೋಗಿದ್ದು ಒಂದೇ ಸಲ. ಹೋಗಿ ಬರಲು ಇಬ್ಬರ ಟಿಕೆಟ್‌ಗೇ ಇನ್ನೂರರ ಮೇಲಾಗಿದೆ. ಈಗ ಶಕ್ತಿ ಬಸ್ಸಿನಲ್ಲಿ ಎರಡು ತಿಂಗಳಿಗೊಮ್ಮೆ ಹೋಗುತ್ತೇವೆ. ಗುಳಿಗೆ ತಿಂಗಳಿಗೆ ಎರಡು ಶೀಟ್. ಮಗಳ ಗಣಿತ ಟ್ಯೂಷನ್ 700. ವಾರಕ್ಕೆ ಎರಡು ಸಲ ಮೊಟ್ಟೆ. ಇವು ಯಾವುವೂ ಆ ಪುಸ್ತಕದಲ್ಲಿ ಇಲ್ಲ.

ಯಜಮಾನರೂ ಪುಸ್ತಕ ಇಸಕೊಂಡು ಓದಿದರು. ಆಗಸ್ಟ್ ಪುಟದಲ್ಲಿ ಬೆರಳಿಟ್ಟು ಸುಮ್ನೆ ಕೂತರು. ಅವ್ವನಿಗೆ ನಾನು ದಿನ ಬಿಟ್ಟು ದಿನ ಗುಳಿಗೆ ಕೊಡುತ್ತಿದ್ದೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ನಾನು ಹೇಳಿರಲಿಲ್ಲ.