ಮಳೇಲಿ ಚಾರ್ಮಾಡಿ ಇಳಿಯುವಾಗ ಎಬಿಎಸ್ ಲೈಟ್, ಆಮೇಲೆ ಮಾಯ

ಮೂಡಿಗೆರೆ_ಹ್ಯಾಚ್‌ಬ್ಯಾಕ್:
ಮಳೆ ಬಂದ ದಿನ ಘಾಟಿ ತಿರುವಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯೋ ವ್ಯವಸ್ಥೆ) ಲೈಟ್ ಹತ್ತುತ್ತೆ. ಗಾಡಿ ಆಫ್ ಮಾಡಿ ಸ್ಟಾರ್ಟ್ ಮಾಡಿದ್ರೆ ಹೋಗುತ್ತೆ. ಒಣ ರಸ್ತೇಲೂ ನಿಲ್ಲೋ ಹೊತ್ತಿಗೆ, 5-10 ಕಿ.ಮೀ. ಸ್ಪೀಡಲ್ಲಿ, ಪೆಡಲ್ ಗರಗರ ಅಂತ ಕಾಲಿಗೆ ಹೊಡೆಯುತ್ತೆ. ಬ್ಲೂಟೂತ್ ಸ್ಕ್ಯಾನರ್‌ನಲ್ಲಿ ದೋಷದ ಕೋಡ್ ಇಲ್ಲ. ಗ್ಯಾರೇಜಲ್ಲಿ ಎಬಿಎಸ್ ಮಾಡ್ಯೂಲ್ (ಅದನ್ನ ನಡೆಸೋ ಕಂಟ್ರೋಲ್ ಯೂನಿಟ್) ಬದಲಿಸಿ ಅಂತಾರೆ. ಬೇಕಾ?

ಸಕಲೇಶಪುರ_ವೈರಿಂಗ್:
ಈಗಲೇ ಬೇಡ. ಅಗ್ಗದ ಸ್ಕ್ಯಾನರ್ ಬಹುತೇಕ ಇಂಜಿನ್ನಿನ 'ಪಿ' ಕೋಡ್ ಮಾತ್ರ ಓದುತ್ತೆ. ಎಬಿಎಸ್‌ದು 'ಸಿ'ಯಿಂದ ಶುರು. ಎಬಿಎಸ್ ಓದೋ ಸ್ಕ್ಯಾನರ್ ಹಾಕಿ ನಾಲ್ಕೂ ಚಕ್ರದ ಸ್ಪೀಡ್ ಗ್ರಾಫ್ ಇಡಿ. ಪಕ್ಕದಲ್ಲೊಬ್ಬರು ನೋಡ್ತಿರಲಿ, ನೀವು 20ರಿಂದ ನಿಧಾನಕ್ಕೆ ನಿಲ್ಲಿಸಿ. ಮೂರು ಚಕ್ರ ಒಟ್ಟಿಗೆ ಇಳಿದು ಒಂದು ಮಾತ್ರ ಮೊದಲೇ ಸೊನ್ನೆಗೆ ಬಿದ್ರೆ, ಆ ಚಕ್ರ ಲಾಕ್ ಆಯ್ತು ಅಂತ ಮಾಡ್ಯೂಲ್ ತಿಳ್ಕೊಂಡು ಪಂಪ್ ಓಡಿಸುತ್ತೆ. ಪೆಡಲ್ ಗರಗರ ಅನ್ನೋದು ಅದೇ.

ಆ ಚಕ್ರದ ಸ್ಪೀಡ್ ಅಳೆಯೋ ಸೆನ್ಸರ್ ಬಿಚ್ಚಿ. ಅದು ಕೂರೋ ಜಾಗದಲ್ಲಿ ತುಕ್ಕು ಉಬ್ಬಿ ಸೆನ್ಸರನ್ನ ಮೇಲಕ್ಕೆ ಎತ್ತಿರುತ್ತೆ, ನಮ್ಮ ಮಲೆನಾಡಿನ ಗಾಡಿಗಳಲ್ಲಿ ಇದೇ ಜಾಸ್ತಿ. ಗ್ಯಾಪ್ ಹೆಚ್ಚಾದ್ರೆ ಸಿಗ್ನಲ್ ಸಣ್ಣದಾಗುತ್ತೆ. ತುಕ್ಕು ಕೆರೆದು, ತುದಿಗೆ ಅಂಟಿದ ಕಬ್ಬಿಣದ ಪುಡಿ ಒರೆಸಿ. ಟೋನ್ ರಿಂಗ್ (ಚಕ್ರದ ಜೊತೆ ತಿರುಗೋ ಹಲ್ಲಿನ ರಿಂಗ್, ಸೆನ್ಸರ್ ಓದೋದು ಇದನ್ನೇ) ಇದ್ರೆ ಸೀಳಿದೆಯಾ ನೋಡಿ.

ಹಾಸನ_ಮೀಟರ್:
ಒಂದು ಎಚ್ಚರಿಕೆ: ಓಮ್ಸ್ ಇಟ್ಟು ಅಳೆಯೋಕೆ ಮೊದಲು ಸೆನ್ಸರ್ ಯಾವ ಜಾತಿ ಅಂತ ನೋಡಿ. ಕನೆಕ್ಟರ್ ಬಿಚ್ಚಿ, ಇಗ್ನಿಷನ್ ಆನ್ ಮಾಡಿ, ಗಾಡಿ ಕಡೆ ಪಿನ್‌ನಲ್ಲಿ 12 ವೋಲ್ಟ್ ಹತ್ತಿರ ಬಂದ್ರೆ ಆಕ್ಟಿವ್, ಅಂದ್ರೆ ಕರೆಂಟ್ ಕೊಟ್ರೆ ಮಾತ್ರ ಕೆಲಸ ಮಾಡೋ ಸೆನ್ಸರ್. ಅದಕ್ಕೆ ಓಮ್ಸ್ ಪರೀಕ್ಷೆ ಅರ್ಥವಿಲ್ಲ. ಮೀಟರನ್ನ ಮಿಲಿ ಆಂಪಿಯರ್‌ಗೆ ಇಟ್ಟು ಸಾಲಲ್ಲಿ ಸೇರಿಸಿ ಚಕ್ರ ಮೆಲ್ಲಗೆ ತಿರುಗಿಸಿ: ಸಾಮಾನ್ಯವಾಗಿ 7ಕ್ಕೂ 14ಕ್ಕೂ ನೆಗೆಯಬೇಕು. ಹಳೇ ಕಾಯಿಲ್ ಸೆನ್ಸರ್ ಆದ್ರೆ ಸುಮಾರು 1ರಿಂದ 2 ಕಿಲೋ ಓಮ್ಸ್.

ಮೂಡಿಗೆರೆ_ಹ್ಯಾಚ್‌ಬ್ಯಾಕ್:
ಎಡ ಮುಂದಿನ ಚಕ್ರವೇ. ಅದರ ಬೇರಿಂಗ್ ಈಚೆಗೆ ಬದಲಾಗಿದೆ. ಉಲ್ಟಾ ಹಾಕಿರಬಹುದಾ?

ಸಕಲೇಶಪುರ_ವೈರಿಂಗ್:
ಉಲ್ಟಾ ಕೂತಿದ್ರೆ ಬೇರಿಂಗ್‌ನ ಒಂದು ಬದಿಯ ಮ್ಯಾಗ್ನೆಟಿಕ್ ಸೀಲ್ (ಟೋನ್ ರಿಂಗ್ ಬದಲು ಸೆನ್ಸರ್ ಓದೋದು ಇದನ್ನೇ) ಸೆನ್ಸರ್‌ಗೆ ಸಿಗಲ್ಲ, ಆ ಚಕ್ರದ ಸ್ಪೀಡ್ ಬರೋದೇ ಇಲ್ಲ, ಮಳೆಗೆ ಕಾಯದೆ ಹೊರಟ ಸ್ವಲ್ಪ ಹೊತ್ತಲ್ಲೇ ಲೈಟ್ ಹತ್ತುತ್ತೆ. ನಿಮ್ಮದು ಹಾಗಲ್ಲ. ಆದ್ರೆ ಬೇರಿಂಗ್ ಒತ್ತುವಾಗ ಆ ಸೀಲ್‌ಗೆ ಪೆಟ್ಟು ಬಿದ್ದಿರಬಹುದು, ಬಿಚ್ಚುವಾಗ ವೈರ್ ಎಳೆದಿರಬಹುದು. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಸ್ಟ್ರಟ್ (ಶಾಕ್ ಅಬ್ಸಾರ್ಬರ್) ಕ್ಲಿಪ್ ಹತ್ತಿರ ವೈರ್ ಬಗ್ಗಿಸ್ತಾ ಮೀಟರ್ ನೋಡಿ. ನೀರು ಚಿಮುಕಿಸಿಯೂ ನೋಡಿ. ಮೇಲಿನ ರಬ್ಬರ್ ಸರಿಯಿದ್ದೂ ಒಳಗೆ ತಾಮ್ರ ತುಂಡಾಗಿರುತ್ತೆ. ಅಲ್ಲಿ ಜಾಯಿಂಟ್ ಹಾಕ್ಬೇಡಿ, ಬಗ್ಗೋ ಜಾಗದಲ್ಲಿ ಬೆಸುಗೆ ನಿಲ್ಲಲ್ಲ. ವೈರ್ ಸಮೇತ ಸೆನ್ಸರ್ ಬದಲಿಸಿ.

ಹಾಸನ_ಮೀಟರ್:
ಎಬಿಎಸ್ ಲೈಟ್ ಒಂದೇ ಇದ್ರೆ ಮಾಮೂಲಿ ಬ್ರೇಕ್ ಹಿಡಿಯುತ್ತೆ, ಚಕ್ರ ಮಾತ್ರ ಲಾಕ್ ಆಗಬಹುದು. ಜೊತೆಗೆ ಕೆಂಪು ಬ್ರೇಕ್ ಲೈಟೂ ಹತ್ತಿದ್ರೆ ಘಾಟಿ ಇಳಿಸ್ಬೇಡಿ, ಮೊದಲು ಬ್ರೇಕ್ ಆಯಿಲ್ ಮಟ್ಟ ನೋಡಿ.