ಅಪ್‌ಡೇಟ್: ಹಳೇ ಅಲ್ಯೂಮಿನಿಯಂ ಬೋಟ್ ಸೋರೋದು ನಿಂತಿತು

ಹತ್ತು ದಿನದ ಹಿಂದೆ ಕೇಳಿದ್ದೆನಲ್ಲ, ಯಲಹಂಕದ ನಮ್ಮ ಮನೆ ಶೆಡ್‌ನಲ್ಲಿರುವ ಹನ್ನೆರಡಡಿ ಮೋಟಾರ್ ಬೋಟ್‌ನ ತಳ ಸೋರುತ್ತಿದೆ, ಏನು ಮಾಡಲಿ ಅಂತ. ಈಗ ಒಂದು ಹನಿಯೂ ಇಲ್ಲ.

ಮೊದಲು ಎಪಾಕ್ಸಿ ಪುಟ್ಟಿ ಮೆತ್ತಿದೆ. ದಂಡ. ತಗಡು ಸ್ವಲ್ಪ ಅಲುಗಿದರೂ ಬಿರುಕು ಬಿಟ್ಟು ಉದುರಿತು. ಕೆಲಸಕ್ಕೆ ಬಂದಿದ್ದು, ಬೋಟನ್ನು ಸ್ಟ್ಯಾಂಡ್ ಮೇಲಿಟ್ಟು ಒಳಗೆ ನೀರು ಬಿಟ್ಟು ಹೊರಗಿನಿಂದ ನೋಡಿ ಅಂದವರ ಮಾತು. ನಾಲ್ಕಿಂಚು ನೀರು ಬಿಟ್ಟು, ತೊಟ್ಟಿಕ್ಕಿದ ರಿವೆಟ್‌ಗಳಿಗೆ (ತಗಡುಗಳನ್ನು ಜೋಡಿಸಿ ಹಿಡಿಯುವ ಮೊಳೆಗಳು) ಮಾರ್ಕರ್‌ನಲ್ಲಿ ಗುರುತು ಹಾಕಿದೆ, ಒಟ್ಟು 17. ಆಮೇಲೆ ನೀರು ಖಾಲಿ ಮಾಡಿ, ಹೊರಗೆ ಭಾವ ಭಾರದ ಕಬ್ಬಿಣದ ತುಂಡು ಒತ್ತಿ ಹಿಡಿದರು, ನಾನು ಒಳಗಿನಿಂದ ಸುತ್ತಿಗೆಯಲ್ಲಿ ಬಡಿದೆ, 14 ಬಿಗಿಯಾದವು. ಉಳಿದ ಮೂರನ್ನು ಕೊರೆದು ತೆಗೆದು ಹೊಸದು ಹಾಕಿದೆ. ಎಸ್‌ಜೆಪಿ ರೋಡ್ ಅಂಗಡಿಯವರು ಸ್ಟೀಲ್ ಬೋಲ್ಟ್ ಗಟ್ಟಿ, ಅದನ್ನೇ ತಗೊಳ್ಳಿ ಅಂದರು. ಬೇಡ, ಅಲ್ಯೂಮಿನಿಯಂ ರಿವೆಟ್ಟೇ ಹಾಕಿ. ನೀರಲ್ಲಿ ಸ್ಟೀಲ್ ತಾಗಿದ ಕಡೆ ಅಲ್ಯೂಮಿನಿಯಂ ಸವೆಯುತ್ತದೆ. ತಾಮ್ರ ಇರುವ ಪೇಂಟೂ ಅದಕ್ಕೇ ಬೇಡ.

ನಿಜವಾಗಿ ಬೆಚ್ಚಿಬಿದ್ದಿದ್ದು ನೆಲದ ಹಲಗೆ ಎತ್ತಿದಾಗ. ಕೆಳಗಿನ ಫೋಮ್ ವರ್ಷಗಟ್ಟಲೆ ನೀರು ಕುಡಿದು ಕಲ್ಲಿನಂತಾಗಿತ್ತು, ಅದನ್ನು ಕಿತ್ತ ಮೇಲೆ ಬೋಟನ್ನು ಇಬ್ಬರೇ ಎತ್ತಿದೆವು! ಹೊಸ ಫೋಮ್ ಹಾಕಲೇಬೇಕು, ಮಗುಚಿದರೆ ತೇಲಿಸೋದು ಅದೇ ಅಲ್ವಾ.

ಎಂಜಿನ್ ಇನ್ನೂ ಬಿಚ್ಚಿಲ್ಲ. ಪಕ್ಕದ ಮನೆಯವರು ಮಾತ್ರ ‘ಮಳೆಗಾಲಕ್ಕೆ ರೆಡಿನಾ’ ಅಂತ ದಿನಾ ಕೇಳುತ್ತಿದ್ದಾರೆ.